ಅಳುವುದಕ್ಕೊಂದು ಮರೆ

ನನಗೆ ಅಳಲು ಬರುವುದಿಲ್ಲ. ಇದು ಗಟ್ಟಿ ಗುಂಡಿಗೆಯ ಬಡಾಯಿಯಲ್ಲ. ಈಜು ಬರುವುದಿಲ್ಲ, ಹಾರ್ಮೋನಿಯಂ ಬರುವುದಿಲ್ಲ ಎನ್ನುವಂಥದೇ ಒಂದು ಕೊರತೆ. ಸತ್ತವರ ಮನೆಗೆ ಹೋದರೆ ನಾನು ಮಾಡುವುದಿಷ್ಟೇ: ಅಂಗಳದಲ್ಲಿ ಚಪ್ಪಲಿ ಬಿಟ್ಟು, ಗಂಡಸರು ಕೂತ ಕಡೆ ಹೋಗಿ, ಗಂಟಲು ಸರಿಮಾಡಿಕೊಂಡು, ‘ಯಾವಾಗ ಆತ್ರಿ?’ ಎಂದು ಕೇಳುತ್ತೇನೆ. ಅವರು ಹೇಳುತ್ತಾರೆ. ನಾನು ‘ಛೇ’ ಎನ್ನುತ್ತೇನೆ. ಆಮೇಲೆ ಮಳೆಯ ಮಾತು ಬರುತ್ತದೆ, ತೊಗರಿ ರೇಟಿನ ಮಾತು ಬರುತ್ತದೆ, ಸತ್ತವರು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಆಳಂದದ ಕೋರ್ಟಿನಲ್ಲಿ ಒಂದು ಬದುವಿನ ಜಗಳಕ್ಕೆ ಮಧ್ಯಾಹ್ನವೆಲ್ಲ ವಾದ ಮಾಡುವ ವಕೀಲನಿಗೆ ಸಾವಿನ ಮುಂದೆ ಸಿಗುವ ಮಾತು ಇಷ್ಟೇ.

ಹೆಂಗಸರ ಕಡೆಯ ಸಂಗತಿಯೇ ಬೇರೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ಬರಿದೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವನ ಎದುರು ಕೂತು ಅವನ ಇಡೀ ಬಾಳನ್ನು ರಾಗದಲ್ಲಿ ಎತ್ತಿ ಇಡುತ್ತಾರೆ. ಅವನು ಏನು ಉಣ್ಣುತ್ತಿದ್ದ, ಯಾವುದಕ್ಕೆ ಸಿಟ್ಟಾಗುತ್ತಿದ್ದ, ಯಾವ ಸಂತೆಯಿಂದ ಯಾವ ಸೀರೆ ತಂದಿದ್ದ, ತಂದ ಮೇಲೆ ಎಷ್ಟು ದಿನ ಅದನ್ನೇ ಹೇಳಿ ತೋರಿಸಿದ್ದ, ಎಲ್ಲವೂ ಬರುತ್ತದೆ. ಹೊಗಳಿಕೆಯ ನಡುವೆ ಬೈಗುಳವೂ ಬರುತ್ತದೆ. ಕೇಳುತ್ತ ಕೂತ ಉಳಿದ ಹೆಂಗಸರು ನಡುನಡುವೆ ‘ಹೌದವ್ವಾ’ ಎಂದು ದನಿಗೂಡಿಸುತ್ತಾರೆ. ಒಬ್ಬಳು ದಣಿದರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ನಾವು ಗಂಡಸರು ಹೊರಗೆ ಕೂತು ಅದನ್ನು ಕೇಳಿಯೂ ಕೇಳದವರಂತೆ ಇರುತ್ತೇವೆ. ನನ್ನ ಪಾಲಿನ ಅಳುವನ್ನೂ ಅವರೇ ಅತ್ತುಬಿಡುತ್ತಾರೆ ಎಂಬ ನೆಮ್ಮದಿಯಲ್ಲಿ ನಾನು ಈ ವಯಸ್ಸಿನವರೆಗೆ ಬಂದುಬಿಟ್ಟೆ.

ಹಾಗೆ ಅಳುವುದರಲ್ಲಿ ನಮ್ಮ ಮಹಾನಂದಕ್ಕನನ್ನು ಮೀರಿಸಿದವರಿಲ್ಲ. ಅವಳು ನನ್ನ ದೊಡ್ಡಪ್ಪನ ಮಗಳು. ಹುಟ್ಟಿದ್ದು ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ, ಕೊಟ್ಟದ್ದು ಅಫಜಲಪುರ ತಾಲೂಕಿನ ಚೌಡಾಪುರಕ್ಕೆ. ಗಂಡ ಶರಣಬಸಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಾಣಗಾಪುರಕ್ಕೆ ಹೋಗುವ ಬಸ್ಸುಗಳು ಎಬ್ಬಿಸುವ ಧೂಳು ಹೊರಗೆ, ಜೋಳದ ಹಿಟ್ಟಿನ ಧೂಳು ಒಳಗೆ. ಎರಡರ ನಡುವೆ ನಮ್ಮ ಭಾವ ಸದಾ ಬೆಳ್ಳಗೆ, ಆಗಷ್ಟೇ ವಿಭೂತಿಯಲ್ಲಿ ಮಿಂದು ಬಂದ ಸ್ವಾಮಿಯ ಹಾಗೆ ಕಾಣುತ್ತಿದ್ದ. ಅವನ ಚಷ್ಮಾ ಮಾತ್ರ ಊರಿಗೇ ಚಿಂತೆ. ಗಾಜು ಸೀಸೆಯ ತಳದಷ್ಟು ದಪ್ಪ. ಅದರ ಮೇಲೆ ಹಿಟ್ಟು ಕೂತು ಏನೂ ಕಾಣದಾದಾಗ ತೆಗೆದು ಎಲ್ಲೋ ಇಡುತ್ತಿದ್ದ. ತೆಗೆದ ಮೇಲೆ ಎಲ್ಲಿಟ್ಟೆನೆಂಬುದು ಕಾಣುತ್ತಿರಲಿಲ್ಲ. ಹಿಟ್ಟಿನ ಡಬ್ಬಿ ತೆರೆದ ಹೆಂಗಸರು ಮನೆಯಿಂದ ಮರಳಿ ಬಂದು, ‘ಯಜಮಾನ್ರೇ, ನಿಮ್ಮ ಚಷ್ಮಾ ನಮ್ಮ ಹಿಟ್ಟಿನ್ಯಾಗ ಬಂದಾದ ನೋಡ್ರಿ’ ಎಂದು ಕೊಟ್ಟುಹೋದದ್ದುಂಟು. ಕೊನೆಗೆ ಅಕ್ಕ ಅದಕ್ಕೊಂದು ಕರಿದಾರ ಕಟ್ಟಿ ಅವನ ಕೊರಳಿಗೆ ಹಾಕಿದಳು. ‘ದನಕ್ಕ ಗಂಟಿ ಕಟ್ಟಿದಂಗ ಕಟ್ಟೀನಿ, ಇನ್ನ ಕಳಕೊಳ್ರಿ ನೋಡೋಣು’ ಎಂದಿದ್ದಳು. ಭಾವ ನಕ್ಕಿದ್ದ. ಅವನು ನಗುವುದೇ ಹೆಚ್ಚು, ಮಾತು ಕಡಿಮೆ.

ಆ ಭಾವ ಒಂದು ಚಳಿಗಾಲದ ಬೆಳಗ್ಗೆ ಗಿರಣಿಯ ಚಕ್ರಕ್ಕೆ ಪಟ್ಟಾ ಹಾಕುತ್ತಿದ್ದವನು ಹಾಗೇ ಕುಸಿದು ಕೂತ. ಮತ್ತೆ ಏಳಲಿಲ್ಲ.

ನಾನು ಚೌಡಾಪುರ ಮುಟ್ಟುವ ಹೊತ್ತಿಗೆ ಅವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಮೈ ತೊಳೆಯುವಾಗ ಯಾರೋ ಚಷ್ಮಾ ತೆಗೆದು ಗೋಡೆಯ ಮಾಡದಲ್ಲಿಟ್ಟಿದ್ದರು. ಅಕ್ಕ ಎದುರಿಗೆ ಕೂತು ಅಳುತ್ತಿದ್ದಳು. ನೋಡು ನೋಡುತ್ತಿದ್ದಂತೆ ಅವಳ ಕಣ್ಣು ಮಾಡದ ಮೇಲೆ ಬಿತ್ತು.

‘ಚಷ್ಮಾ ಬಿಟ್ಟು ಹೊಂಟೆಲ್ಲೋ ನನ ರಾಜಾ, ದಾರಿ ಹ್ಯಾಂಗ ಕಾಣ್ತದೋ ನಿನಗ...’

ಬದುಕಿರುವತನಕ ಅವಳು ಅವನನ್ನು ‘ರೀ’ ಎಂದೇ ಕರೆದವಳು. ಸತ್ತ ಮೇಲೆ ಒಂದೇ ಒಂದು ದಿನ ಏಕವಚನದಲ್ಲಿ ಕರೆಯುವ ಹಕ್ಕು ನಮ್ಮ ಹೆಂಗಸರಿಗೆ ಸಿಗುತ್ತದೆ. ಆ ಹಕ್ಕನ್ನು ಅವಳು ಪೂರ್ತಿ ಬಳಸಿದಳು. ಬೈದಳು, ಕೇಳಿದಳು, ಗಿರಣಿ ಯಾರಿಗೆ ಒಪ್ಪಿಸಿದಿ ಎಂದಳು, ಮತ್ತೆ ಮತ್ತೆ ಆ ಚಷ್ಮಾದ ಮಾತಿಗೇ ಬಂದಳು. ಹೊರಗೆ ಕೂತಿದ್ದ ಗಂಡಸರೂ ಟವಲಿನಿಂದ ಮುಖ ಒರೆಸಿಕೊಂಡರು. ನಾನು ಗಂಟಲು ಸರಿಮಾಡಿಕೊಂಡೆ.

ಭಾವನ ತಮ್ಮ ಅಂಬಾರಾಯ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಾನೆ. ಮಣ್ಣಿಗೆ ಬರಲು ಅವನಿಗೆ ಆಗುತ್ತಿರಲಿಲ್ಲ. ಹಾಗಾಗಿ ಮನೆಯವರು ಯಾರೋ ಒಬ್ಬರು ಮೂಲೆಯಲ್ಲಿ ನಿಂತು ಫೋನ್ ಎತ್ತಿ ಹಿಡಿದಿದ್ದರು. ಪುಟ್ಟ ಗಾಜಿನೊಳಗೆ ಅಂಬಾರಾಯ ತಲೆ ತಲೆ ಚಚ್ಚಿಕೊಂಡು ಅಳುತ್ತಿದ್ದ. ಸಮುದ್ರದಾಚೆ ಇದ್ದವನು ಅಣ್ಣನ ಮುಖ ಕಡೆಯ ಸಲ ನೋಡಿದನಲ್ಲ, ಈ ಯಂತ್ರ ಕಂಡುಹಿಡಿದವರು ನೂರು ವರ್ಷ ಬಾಳಲಿ ಎಂದು ನಾನು ಅಂದುಕೊಂಡೆ. ಈಗ ಆ ಹರಕೆಯನ್ನು ಹಿಂದಕ್ಕೆ ಪಡೆಯಲು ಏನಾದರೂ ವ್ಯವಸ್ಥೆ ಇದೆಯೇ ಎಂದು ಹುಡುಕುತ್ತಿದ್ದೇನೆ.

ಅದಾಗಿ ಕೆಲವು ವಾರ ಕಳೆದಿರಬೇಕು. ಕೋರ್ಟಿನ ವಕೀಲರ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ನನ್ನ ಪಕ್ಕದ ಗೆಳೆಯರೊಬ್ಬರು ಫೋನ್ ನೋಡುತ್ತ ಒಬ್ಬರೇ ನಗುತ್ತಿದ್ದರು. ‘ಇದೊಂದು ಕೇಳ್ರಿ, ಭಾರಿ ಅದ’ ಎಂದು ನನ್ನ ಮುಂದೆ ಹಿಡಿದರು. ಯಾವುದೋ ಹಿಮದ ದೇಶ. ಕೆಂಪು ಗಡ್ಡದ ಒಬ್ಬ ಬಿಳಿದೊರೆ ಮನೆಯಿಂದ ಹೊರಗೆ ಬಂದು, ಹಿಮದಲ್ಲಿ ಕಾಲು ಜಾರಿ ಬೀಳುತ್ತಾನೆ. ಹಿಂದಿನಿಂದ, ಡೋಲಿನ ಬಡಿತದ ಮೇಲೆ ತೇಲಿಕೊಂಡು ಬಂತು: ‘ಚಷ್ಮಾ ಬಿಟ್ಟು ಹೊಂಟೆಲ್ಲೋ ನನ ರಾಜಾ...’

ಚಹಾ ಬಾಯಲ್ಲೇ ಉಳಿಯಿತು.

‘ಇದು ಯಾರ ದನಿ ಅಂತ ಗೊತ್ತದೇನ್ರಿ?’ ಎಂದೆ.

‘ಯಾರೋ ಕಾಮಿಡಿ ಮಾಡೋ ಹೆಣ್ಮಗಳು ಇರಬೇಕ್ರಿ. ದಿನಾ ಬರ್ತಾವ ಇವು. ಬೆಕ್ಕಿಗೂ ಹಾಕ್ಯಾರ, ನಾಯಿಗೂ ಹಾಕ್ಯಾರ.’

ಅವರು ಕೆಟ್ಟವರಲ್ಲ. ನನ್ನ ಮುಖ ನೋಡಿ ಗಾಬರಿಯಾಗಿ ಕೇಳಿದರು, ನಾನು ಹೇಳಿದೆ, ಅವರು ಫೋನನ್ನು ಜೇಬಿಗಿಟ್ಟು ತಲೆ ಬಗ್ಗಿಸಿ ಕೂತರು. ಆದರೆ ಜಗತ್ತಿನಲ್ಲಿ ಇರುವವರೆಲ್ಲ ನನ್ನ ಪಕ್ಕದಲ್ಲಿ ಚಹಾ ಕುಡಿಯಲು ಬರುವುದಿಲ್ಲವಲ್ಲ. ಒಬ್ಬೊಬ್ಬರಿಗೇ ಹೇಳುತ್ತ ಎಲ್ಲಿಗೆ ಹೋಗಲಿ? ಸಂಜೆ ಮನೆಗೆ ಬಂದು ಹುಡುಕಿದೆ. ಹೆಲ್ಮೆಟ್ ಮರೆತು ಪೊಲೀಸರ ಕೈಗೆ ಸಿಕ್ಕವನಿಗೆ ಅಕ್ಕನ ಅಳು. ಮದುಮಗಳನ್ನು ಮಂಟಪದಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡುತ್ತ ಹೊರಟವನಿಗೆ ಅಕ್ಕನ ಅಳು. ಕನ್ನಡದ ಒಂದಕ್ಷರ ಗೊತ್ತಿಲ್ಲದ, ನಾನು ಹೆಸರು ಓದಲಾರದ ಊರುಗಳ ಹುಡುಗಿಯರು ಕಣ್ಣಿಗೆ ಕೈ ಹಚ್ಚಿ, ಅವಳ ಪದಗಳಿಗೆ ಸರಿಯಾಗಿ ತುಟಿ ಆಡಿಸುತ್ತಿದ್ದರು. ಕನ್ನಡ ವಿಶ್ವಭಾಷೆಯಾಗಬೇಕೆಂದು ಕಾಲೇಜಿನ ದಿನಗಳಲ್ಲಿ ನಾನು ಭಾಷಣ ಮಾಡಿದ್ದೆ. ಆಯಿತಲ್ಲ.

ಜಗತ್ತು ಚಿಕ್ಕದಾಗಿದೆ ಎನ್ನುವ ಮಾತು ನಮಗೆ ಹೊಸದಲ್ಲ. ತೊಗರಿಯ ಕಣಜ ಎನ್ನಿಸಿಕೊಂಡ ನಮ್ಮ ನೆಲದಲ್ಲಿ, ಯಾವುದೋ ಖಂಡದಿಂದ ಹಡಗಿನಲ್ಲಿ ಬಂದ ಬೇಳೆಯ ಸಾರನ್ನು ನಾವು ಸುಮ್ಮನೆ ಉಂಡಿದ್ದೇವೆ. ಆಳಂದದ ಪೇಟೆಯ ರೇಟನ್ನು ಕಾಣದ ಬಂದರೊಂದು ಏರಿಸಿ ಇಳಿಸಿದಾಗ ಹಣೆಬರಹ ಎಂದಿದ್ದೇವೆ. ಅದು ವ್ಯಾಪಾರ. ಹಡಗಿನಲ್ಲಿ ಬೇಳೆ ಬರುತ್ತದೆ, ಹತ್ತಿ ಹೋಗುತ್ತದೆ. ಅಳುವೂ ಹೋಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅದೂ ಬೆಳೆದ ಹೊಲ ಯಾವುದೆಂದು ಕೇಳದೆ, ಬೇಳೆಗಾದರೂ ಇರುವ ಒಂದು ಚೀಲ, ಒಂದು ಗುರುತು ಇಲ್ಲದೆ.

ವಕೀಲನಾದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಮೊದಲು ಮೂಲ ಹುಡುಕಿದೆ. ಅಂಬಾರಾಯನಿಗೆ ಫೋನ್ ಮಾಡಿದೆ.

‘ನಾನೇ ರೆಕಾರ್ಡ್ ಮಾಡ್ಕೊಂಡಿದ್ದೆ ವಕೀಲಣ್ಣಾ,’ ಎಂದ. ‘ಅಣ್ಣನ ಮಾರಿ ಮತ್ತ ನೋಡಬೇಕಂದ್ರ ಎಲ್ಲಿ ನೋಡ್ಲಿ? ಇಟ್ಕೊಂಡೆ. ನನ್ನಂಗ ಬರಲಾರದವ್ರು ಮತ್ತ ಮಂದಿ ಇದ್ರು. ಅವ್ರೂ ನೋಡ್ಲಿ ಅಂತ ನಮ್ಮ ಮನಿ ಗ್ರೂಪಿನ್ಯಾಗ ಹಾಕ್ದೆ. ಎಲ್ಲಾ ನಮ್ಮ ಬಳಗದವ್ರೇ ಅಲ್ರಿ ಅದ್ರಾಗ?’

‘ಆಮೇಲೆ?’

‘ಆಮ್ಯಾಲಿಂದು ನನಗ ಖಬರಿಲ್ಲ. ಅತ್ತಿಗಿಗಿ ಗೊತ್ತಾಗ್ಯಾದೇನ್ರಿ? ನಾ ಹ್ಯಾಂಗ ಮಾರಿ ತೋರಿಸ್ಲಿ ಅಕಿಗಿ?’

ಮಸ್ಕತ್ತಿನಲ್ಲಿ ಆ ಗಂಡಸು ಮತ್ತೆ ಅಳತೊಡಗಿದ. ಬಳಗದಲ್ಲಿ ವಿಚಾರಿಸಿದೆ. ಒಬ್ಬರು ತವರಿನವರಿಗೆ ಕಳಿಸಿದ್ದರು, ತವರಿನವರು ಬೀಗರಿಗೆ ಕಳಿಸಿದ್ದರು, ಬೀಗರಲ್ಲೊಬ್ಬರು ‘ಎಂಥಾ ಸಂಕಟ ನೋಡ್ರಿ’ ಎಂದು ಎಲ್ಲರಿಗೂ ಕಾಣುವಂತೆ ಹಾಕಿದ್ದರು. ಎಲ್ಲರೂ ಮರುಗಿಯೇ ಕಳಿಸಿದವರು. ಎಲ್ಲಿಯವರೆಗೆ ಮರುಕವಿತ್ತು, ಎಲ್ಲಿಂದ ನಗು ಶುರುವಾಯಿತು ಎಂಬ ಗಡಿಕಲ್ಲು ಮಾತ್ರ ನನಗೆ ಸಿಗಲಿಲ್ಲ. ಜೀವನಪೂರ್ತಿ ಗಡಿಕಲ್ಲು ಹುಡುಕಿಯೇ ಹೊಟ್ಟೆ ಹೊರೆದವನಿಗೆ ಇಂಥ ಸೋಲು. ಹೊಲದ ಬದುವನ್ನು ಒಂದು ಮೊಳ ಒತ್ತಿದರೆ ದಾವೆ ಹೂಡಬಹುದು, ಅಳತೆ ಮಾಡಿಸಬಹುದು. ಯಾರೋ ಒಬ್ಬಳ ದುಃಖವನ್ನು ಒತ್ತುವರಿ ಮಾಡಿದರೆ ಸರಪಳಿ ಎಳೆಯುವುದು ಎಲ್ಲಿಂದ ಎಲ್ಲಿಗೆ? ಪ್ರತಿವಾದಿ ಯಾರು? ಹಿಮದಲ್ಲಿ ಜಾರಿದ ಕೆಂಪು ಗಡ್ಡದವನೇ? ಅವನಿಗೆ ಆಳಂದಕ್ಕೆ ಬಂದು ಹಾಜರಾಗು ಎಂದು ನೋಟೀಸು ಯಾರು ಮುಟ್ಟಿಸುತ್ತಾರೆ?

ಆ ರೀಲುಗಳನ್ನು ತೋರಿಸುವ ಕಂಪನಿಗೇ ದೂರು ಕೊಡುವ ದಾರಿ ಇದೆ ಎಂದು ನನ್ನ ಮಗಳು ತೋರಿಸಿಕೊಟ್ಟಳು. ಬೆರಳಿಟ್ಟರೆ ಕಾರಣಗಳು ಸಾಲಾಗಿ ಬಂದವು. ಬೆತ್ತಲೆ, ಹಿಂಸೆ, ದ್ವೇಷ, ಸುಳ್ಳು ಸುದ್ದಿ, ಆಯುಧ ಮಾರಾಟ. ಇವುಗಳಲ್ಲಿ ಯಾವುದು ಎಂದು ಕೇಳುತ್ತಿತ್ತು. ಇದು ಹೆಣದ ಮುಂದೆ ಅತ್ತದ್ದು, ನಗುವುದಕ್ಕಲ್ಲ ಎಂದು ಹೇಳಲು ಎಲ್ಲೂ ಜಾಗವಿರಲಿಲ್ಲ. ಕೊನೆಯಲ್ಲಿ ‘ನನಗೆ ಇದು ಇಷ್ಟವಿಲ್ಲ’ ಎಂದಿತ್ತು. ಅದನ್ನೇ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ತಿಳಿಸಿದ್ದಕ್ಕೆ ಧನ್ಯವಾದ, ಇನ್ನು ಮುಂದೆ ನಿಮಗೆ ಇಂಥದನ್ನು ಕಡಿಮೆ ತೋರಿಸುತ್ತೇವೆ. ಅಂದರೆ ಜಗತ್ತೆಲ್ಲ ನಗುತ್ತಿರುತ್ತದೆ, ನಿನಗೊಬ್ಬನಿಗೆ ಕಾಣದ ಹಾಗೆ ಮಾಡುತ್ತೇವೆ! ಕಳೆದುಕೊಂಡವನ ಕಣ್ಣಿಗೆ ಬಟ್ಟೆ ಕಟ್ಟಿ ಕಳವು ನಿಂತಿತು ಎನ್ನುವ ನ್ಯಾಯವನ್ನು ನಾನು ಇಷ್ಟು ವರ್ಷ ಓದಿದ ಯಾವ ಕಾನೂನಿನಲ್ಲೂ ಕಂಡಿರಲಿಲ್ಲ.

ನಮ್ಮ ಭಾಷೆಯಲ್ಲಿ ‘ಅಳಿಸು’ ಎಂಬ ಮಾತಿಗೆ ಎರಡು ಅರ್ಥ. ಅಳುವಂತೆ ಮಾಡುವುದು ಒಂದು, ಇಲ್ಲದಂತೆ ಮಾಡುವುದು ಇನ್ನೊಂದು. ಈ ಹೊಸ ಜಗತ್ತು ಮೊದಲನೆಯದರಲ್ಲಿ ಪಳಗಿದೆ. ಎರಡನೆಯದನ್ನು ಕಲಿತೇ ಇಲ್ಲ.

ಅಕ್ಕನಿಗೆ ಗೊತ್ತಾಗದಿರಲಿ ಎಂದು ಎಲ್ಲರೂ ಸೇರಿ ಬಾಯಿ ಬಿಗಿಹಿಡಿದೆವು. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅವಳು ಗಿರಣಿ ತೆರೆದು ಕೂರುತ್ತಿದ್ದಳು, ತಾನೇ ಪಟ್ಟಾ ಹಾಕುವುದನ್ನು ಕಲಿತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯರು ತನ್ನನ್ನು ನೋಡಿ ಯಾಕೆ ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಾರೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಬೇಸಿಗೆಯಲ್ಲಿ ಆಳಂದದಲ್ಲಿ ನನ್ನ ತಮ್ಮನ ಮಗಳ ಮದುವೆ. ಅಕ್ಕ ಒಲ್ಲೆನೆಂದರೂ ನಾನೇ ಹೋಗಿ ಕರೆತಂದೆ. ಅಂದೋಲಾದಿಂದ ಅವಳ ತಾಯಿ, ನನ್ನ ದೊಡ್ಡವ್ವನೂ ಬಂದಿದ್ದಳು. ದೊಡ್ಡವ್ವನ ಎರಡೂ ಕಣ್ಣಿಗೆ ಪೊರೆ ಬಂದು ಮುಖಗಳೆಲ್ಲ ಮಂಜು. ಕಿವಿ ಮಾತ್ರ ಚುರುಕು, ಹೆಜ್ಜೆ ಸಪ್ಪಳದಿಂದಲೇ ಯಾರೆಂದು ಹೇಳಿಬಿಡುತ್ತಿದ್ದಳು. ಸಂಜೆ ವರನ ಮೆರವಣಿಗೆ ಮಂಟಪದ ಬಾಗಿಲಿಗೆ ಬಂತು. ಡಿಜೆ ಗಾಡಿಯ ಬಡಿತಕ್ಕೆ ಎದೆಯೊಳಗಿನ ಎಲುಬು ಅಲುಗುತ್ತಿತ್ತು. ತಾಯಿ ಮಗಳು ಇಬ್ಬರೂ ಕುರ್ಚಿ ಹಾಕಿಕೊಂಡು ಬದಿಯಲ್ಲಿ ಕೂತಿದ್ದರು, ನಾನು ಅವರ ಹಿಂದೆ ನಿಂತಿದ್ದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಹುಡುಗರೆಲ್ಲ ಹೋ ಎಂದು ಕೈ ಮೇಲೆತ್ತಿದರು. ಡೋಲು, ಪೀಪಿ, ಅದರ ನಡುವಿನಿಂದ ಎದ್ದು ಬಂತು ಅಕ್ಕನ ದನಿ. ‘ಹೊಂಟೆಲ್ಲೋ, ಹೊಂಟೆಲ್ಲೋ’ ಎಂದು ಕತ್ತರಿಸಿ ಕತ್ತರಿಸಿ ಹತ್ತು ಸಲ ಜೋಡಿಸಿದ್ದರು. ಬೀಗರ ಕಡೆಯವರು ಕುಣಿಯುತ್ತಿದ್ದರು. ನಮ್ಮ ಕಡೆಯವರು ನಿಂತಲ್ಲೇ ನಿಂತರು. ನಾನು ಗಾಡಿಯ ಕಡೆ ಓಡಬೇಕೆನ್ನುವಷ್ಟರಲ್ಲಿ ದೊಡ್ಡವ್ವ ಮಗಳ ಕಡೆ ಹೊರಳಿ, ತಡಕಾಡಿ ಅವಳ ಮೊಣಕಾಲು ಹಿಡಿದಳು.

‘ಯಾಕ ಬೇ ಮಹಾನಂದಾ? ಯಾಕ ಅಳಾಕತ್ತಿ? ಏನಾತು?’

ಅಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದಳು.

‘ಸುಮ್ಮನಿರು ಮಗಳ, ಮಂಗಳ ಕಾರ್ಯದ ಮನ್ಯಾಗ ಅಳಬಾರದು,’ ಎಂದು ಮುದುಕಿ ಮತ್ತೆ ಹೇಳಿದಳು. ಡಿಜೆಯಿಂದ ಮತ್ತೆ ಅದೇ ದನಿ. ದೊಡ್ಡವ್ವ ಕೈ ಎತ್ತಿ ಮಗಳ ಮುಖ ಸವರಿದಳು, ಕಣ್ಣೀರು ಒರೆಸಲು. ಮುಖ ಒಣಗಿತ್ತು. ಮುದುಕಿಯ ಕೈ ಅಲ್ಲೇ ನಿಂತಿತು. ಮಗಳ ದನಿ ಒಂದು ಕಡೆಯಿಂದ, ಮಗಳ ಮುಖ ಇನ್ನೊಂದು ಕಡೆ. ಆಗ ಅಕ್ಕ ತಲೆ ಎತ್ತಿ, ಆಕಾಶದೆತ್ತರಕ್ಕೆ ಪೇರಿಸಿದ್ದ ಡಿಜೆಯ ಆ ಕರಿಪೆಟ್ಟಿಗೆಗಳನ್ನು ನೋಡಿದಳು. ಅವಳಿಗೆ ತಿಳಿಯಿತು.

ಡಿಜೆ ನಿಲ್ಲಿಸಿದೆವು. ಬೀಗರಿಗೆ ಏನೋ ಒಂದು ಹೇಳಿ ಸಮಾಧಾನ ಮಾಡಿದೆವು. ಅಡುಗೆಯ ಪಾತ್ರೆಗಳನ್ನು ಇಟ್ಟಿದ್ದ ಕೋಣೆಯಲ್ಲಿ ಅಕ್ಕ ನನ್ನನ್ನು ಕೂಡಿಸಿಕೊಂಡು ಕೇಳಿದಳು.

‘ತಮ್ಮಾ, ನಾ ಅತ್ತದ್ದು ಇವರಿಗಿ ಹ್ಯಾಂಗ ಸಿಕ್ತು?’

ಎಲ್ಲವನ್ನೂ ಹೇಳಿದೆ. ಅಂಬಾರಾಯನ ಮಾತು ಬಂದಾಗ, ‘ಅವನಿಗಿ ಏನೂ ಅನಬ್ಯಾಡ, ಅವ ಪರದೇಶದಾಗ ಒಬ್ಬನೇ ಹಾನ’ ಎಂದಳು. ಮತ್ತೆ ಕೇಳಿದಳು.

‘ಅವರಿಗೆಲ್ಲಾ ಇದು ಹೆಣದ ಮುಂದ ಅತ್ತದ್ದು ಅಂತ ಗೊತ್ತಿಲ್ಲೇನು?’

‘ಬಹಳ ಮಂದಿಗೆ ಗೊತ್ತಿಲ್ಲಕ್ಕಾ.’

‘ಗೊತ್ತಿದ್ದವರು?’

ಕೋರ್ಟಿನಲ್ಲಾದರೆ ‘ಪ್ರಶ್ನೆ ಪ್ರಸ್ತುತವಲ್ಲ’ ಎಂದು ಎದ್ದು ನಿಲ್ಲಬಹುದಿತ್ತು.

ಅಲ್ಲಿಂದಾಚೆ ಅವಳ ಮಾತು ಕಡಿಮೆಯಾಗುತ್ತ ಬಂತು. ಗೊತ್ತಾದ ಮೇಲೆ ಕಾಣುವುದೂ ಹೆಚ್ಚಾಯಿತಲ್ಲ. ತಿವಿದುಕೊಳ್ಳುತ್ತಿದ್ದ ಹುಡುಗಿಯರು ಈಗ ಹತ್ತಿರ ಬಂದು, ‘ಒಮ್ಮೆ ಅಂದುಬಿಡ್ರೀ ಅವ್ವಾ, ಖಾಲಿ ಒಮ್ಮೆ’ ಎಂದು ಫೋನ್ ಹಿಡಿಯುತ್ತಿದ್ದರು. ಅಫಜಲಪುರದ ಒಂದು ಚಷ್ಮಾ ಅಂಗಡಿಯವರು ಅವಳ ಆ ಮಾತನ್ನೇ ಫ್ಲೆಕ್ಸಿನ ಮೇಲೆ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ‘ಇಂದೇ ಬನ್ನಿ’ ಎಂದು ಬರೆಸಿದರು. ಆ ಅಂಗಡಿಯವನೇ ಹಾರ ಹಿಡಿದುಕೊಂಡು ಚೌಡಾಪುರಕ್ಕೆ ಬಂದು, ಅವಳನ್ನು ಜಾಹೀರಾತಿಗೆ ಕರೆದ. ಬಹಳ ಮರ್ಯಾದೆಯಿಂದಲೇ ಕರೆದ. ಅಕ್ಕ ಗಿರಣಿಯ ಗುಂಡಿ ಒತ್ತಿದಳಂತೆ. ಕಲ್ಲುಗಳು ಗರಗರ ತಿರುಗಿದವು, ಅವನು ಏನು ಹೇಳಿದನೋ ಕೇಳಿಸಲಿಲ್ಲ, ಹಿಟ್ಟು ಮೆತ್ತಿಕೊಂಡು ಎದ್ದುಹೋದ. ಫೋನಿನಲ್ಲಿ ನಾನು ಮಾತಾಡಿಸಿದರೆ ‘ಹೂಂ’ ಎನ್ನುತ್ತಿದ್ದಳು, ಅದನ್ನೂ ಅಳೆದು.

ತೊಗರಿ ಹೂವಾಡುವ ಕಾಲಕ್ಕೆ ದೊಡ್ಡವ್ವ ತೀರಿಕೊಂಡಳು. ನಾನು ಚೌಡಾಪುರಕ್ಕೆ ಕಾರು ತೆಗೆದುಕೊಂಡು ಹೋಗಿ ಅಕ್ಕನನ್ನು ಕೂಡಿಸಿಕೊಂಡು ಅಂದೋಲಾಕ್ಕೆ ಹೋದೆ. ಹಿರಿಯ ಮಗಳು ಬಂದಳೆಂದು ಹೆಂಗಸರು ಎದ್ದು ದಾರಿ ಮಾಡಿದರು. ಅವಳು ಬರುವತನಕ ಎತ್ತಿಹಿಡಿದಿದ್ದ ಅಳುವನ್ನು ಒಬ್ಬ ಹಿರಿಯಾಕೆ, ‘ಬಂದಳ ನೋಡಬೇ ನಿನ ಮಗಳು, ಕಣ್ಣ ತೆರಿಯ...’ ಎಂದು ಅವಳ ಕೈಗೆ ಇಡುವಂತೆ ನಿಲ್ಲಿಸಿದಳು. ಇನ್ನು ಅಕ್ಕ ಎತ್ತಿಕೊಳ್ಳಬೇಕು. ಬಾಗಿಲಲ್ಲಿ ನಿಂತಿದ್ದ ನನಗೆ ಕಾಣುತ್ತಿತ್ತು. ಅವಳು ತಾಯಿಯ ಮುಖ ನೋಡಿದಳು. ಆಮೇಲೆ ಸುತ್ತ ಕೂತವರ ಕೈ ನೋಡಿದಳು. ಮೂಲೆಯಲ್ಲಿ ಒಬ್ಬ ಸೊಸೆಯ ಕೈಯಲ್ಲಿ ಫೋನಿತ್ತು. ಅವಳು ಯಾರಿಗೋ ಸುದ್ದಿ ಮುಟ್ಟಿಸುತ್ತಿದ್ದಿರಬಹುದು, ಪಾಪ. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದನಿ ಹೊರಗೆ ಬರಲಿಲ್ಲ. ಹೆಂಗಸರು ಕಾದರು. ಮತ್ತೂ ಕಾದರು. ಕೊನೆಗೆ ಆ ಹಿರಿಯಾಕೆಯೇ ನಿಂತ ಪದವನ್ನು ಎತ್ತಿಕೊಂಡು ಹೇಗೋ ಮುಗಿಸಿದಳು.

ಮಣ್ಣು ಕೊಟ್ಟು ಬಂದ ಮೇಲೆ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಗೋಡೆಯಾಚೆಯ ಮಾತು ಕೇಳಿತು.

‘ಹಡದ ತಾಯಿಗಿ ಒಂದು ಮಾತು ಆಡಿ ಅಳಲಿಲ್ಲ ನೋಡ್ರಬೇ.’

‘ಅಕಿ ಈಗ ದೊಡ್ಡ ಆರ್ಟಿಸ್ಟ್ ಆಗ್ಯಾಳಲ್ಲ. ಪುಕ್ಕಟೆ ಅಳ್ತಾಳೇನು?’

ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ತಂಬಿಗೆಯನ್ನು ಸಪ್ಪಳವಾಗದಂತೆ ಕಟ್ಟೆಯ ಮೇಲಿಟ್ಟು ಕಾರಿನ ಕಡೆ ನಡೆದಳು. ಅವಳ ಕಣ್ಣೀರಿಗೆ ನಕ್ಕವರು ಊರೂರಾಚೆ, ಕಡಲಾಚೆ ಇದ್ದರು. ಅವಳು ಅಳದೇ ಹೋದದ್ದಕ್ಕೆ ಬೈಯಲು ಮಾತ್ರ ಮನೆಯವರೇ ಬೇಕಾದರು.

ಜೇವರ್ಗಿ ದಾಟಿದೆವು. ಹೊತ್ತು ಇಳಿಮುಖವಾಗಿತ್ತು. ಎರಡೂ ಕಡೆ ಆಳೆತ್ತರದ ತೊಗರಿ, ಹಳದಿ ಹೂವು. ಒಂದು ಕಡೆ ಅಕ್ಕ, ‘ಗಾಡಿ ನಿಂದರ್ಸು’ ಎಂದಳು. ನಿಲ್ಲಿಸಿದೆ. ಗಾಜು ಏರಿಸು ಎಂದಳು. ಏರಿಸಿದೆ. ನನ್ನ ಫೋನ್ ಬಂದ್ ಮಾಡಿಸಿದಳು. ಆಮೇಲೆ ಸ್ಟೇರಿಂಗಿನ ಪಕ್ಕದಲ್ಲಿ ಹೊಳೆಯುತ್ತಿದ್ದ ಪರದೆಯ ಕಡೆ ಬೆರಳು ತೋರಿಸಿದಳು.

‘ಇದು ಕೇಳ್ತದೇನು?’

ಕೇಳುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಆ ಕಾರಿಗೆ ‘ಮನೆಗೆ ಫೋನ್ ಮಾಡು’ ಎಂದರೆ ಮಾಡುತ್ತದೆ. ಹಾಗಾದರೆ ಅದು ಕೇಳುತ್ತದೆ. ಉಳಿದ ಹೊತ್ತಿನಲ್ಲಿ ಅದರ ಕಿವಿ ಎಲ್ಲಿರುತ್ತದೆ, ಕೇಳಿದ್ದನ್ನು ಯಾರಿಗೆ ಒಪ್ಪಿಸುತ್ತದೆ, ನನಗೆ ಗೊತ್ತಿಲ್ಲ. ಹಣ ಕೊಟ್ಟು ಕೊಂಡು, ಆಯುಧಪೂಜೆಗೆ ಕುಂಕುಮ ಹಚ್ಚಿದ ಕಾರಿನ ವಿಷಯದಲ್ಲಿ ನಾನು ಪ್ರಮಾಣ ಮಾಡಿ ಹೇಳಲಾರದವನಾಗಿದ್ದೆ.

‘ಗೊತ್ತಿಲ್ಲಕ್ಕಾ,’ ಎಂದೆ.

ಅವಳು ಬಾಗಿಲು ತೆರೆದು ಇಳಿದಳು. ಬದುವಿನ ಮೇಲೆ ನಡೆದು ತೊಗರಿಯ ನಡುವೆ ನಿಂತಳು. ನಾನೂ ಹಿಂದೆ ಹೋದೆ, ಸ್ವಲ್ಪ ದೂರದಲ್ಲಿ ನಿಂತೆ. ಸುತ್ತ ಒಂದು ನರಪಿಳ್ಳೆಯಿಲ್ಲ. ಅವಳು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ತಲೆಯ ಮೇಲೆ ಏನೋ ಗುಂಯ್ ಎಂದಿತು. ಪಕ್ಕದ ಹೊಲಕ್ಕೆ ಡ್ರೋನಿನಿಂದ ಔಷಧಿ ಹೊಡೆಯುತ್ತಿದ್ದರು. ಆಚೆ ತುದಿಯಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ ಚುಕ್ಕೆಯಷ್ಟು ಕಾಣುತ್ತಿದ್ದ. ಡ್ರೋನು ನಮ್ಮ ಬದುವಿನವರೆಗೆ ಬಂದು, ಹೊರಳಿ, ಮತ್ತೆ ಹೋಗುತ್ತಿತ್ತು.

ನನಗೆ ಸಿಟ್ಟು ಬಂತು. ಒಬ್ಬ ಹೆಣ್ಣುಮಗಳು ಸತ್ತ ತಾಯಿಗೆ ಅಳಲು ಈ ಭೂಮಿಯ ಮೇಲೆ ಒಂದು ಸಾಲು ತೊಗರಿಯಷ್ಟು ಜಾಗ ಬಿಟ್ಟಿಲ್ಲವಲ್ಲ ಇವರು! ಒಂದು ಮಣ್ಣಿನ ಹೆಂಟೆ ಎತ್ತಿಕೊಂಡೆ. ಹೊಡೆದಿದ್ದರೆ ತಾಗುತ್ತಿರಲಿಲ್ಲ ಬಿಡಿ, ನನ್ನ ಗುರಿ ನನಗೆ ಗೊತ್ತು. ಅಕ್ಕ ನನ್ನ ಕೈ ಹಿಡಿದಳು.

‘ಅದಕ್ಕ ಕಿವಿ ಅದಾವೇನು?’ ಎಂದು ಕೂಗಿ ಕೇಳಿದಳು. ಆ ಗದ್ದಲದಲ್ಲಿ ಕೂಗಿಯೇ ಕೇಳಬೇಕಿತ್ತು.

‘ಇದ್ದರೂ ಏನು ಕೇಳ್ತದಕ್ಕಾ? ಅದರ ಗದ್ದಲ ಅದಕ್ಕೇ ಸಾಕಾಗ್ಯಾದ,’ ಎಂದು ನಾನೂ ಕೂಗಿದೆ.

ಅವಳು ನನ್ನನ್ನು ಒಮ್ಮೆ, ಡ್ರೋನನ್ನು ಒಮ್ಮೆ ನೋಡಿದಳು. ಗಾಳಿ ಆಚೆ ಬೀಸುತ್ತಿತ್ತು, ಔಷಧಿ ನಮ್ಮ ಕಡೆ ಬರುತ್ತಿರಲಿಲ್ಲ. ಅದು ಹೊರಳಿಕೊಂಡು ಬದುವಿಗೆ ಸಮೀಪ ಬಂದು ಅದರ ಸದ್ದು ಕಿವಿ ತುಂಬಿದ ಕೂಡಲೇ ಅಕ್ಕ ಬಾಯಿ ತೆರೆದಳು. ಎರಡೂ ಕೈ ಮುಂದೆ ಚಾಚಿ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಬಾಗಿ ಬಾಗಿ ಅತ್ತಳು. ಕೊರಳಿನ ನರ ಉಬ್ಬಿದ್ದು ಕಾಣುತ್ತಿತ್ತು, ತುಟಿ ಆಡುವುದು ಕಾಣುತ್ತಿತ್ತು. ಡ್ರೋನು ದೂರ ಹೋದಾಗ ಸೆರಗು ಬಾಯಿಗೊತ್ತಿ ನಿಲ್ಲುತ್ತಿದ್ದಳು, ಮರಳಿ ಬಂದಾಗ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ಹೊಗಳಿದಳೋ, ಬೈದಳೋ, ತಾಯಿಯನ್ನು ಏನೆಂದು ಕರೆದಳೋ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಬೇಕಾದವಳು ದೊಡ್ಡವ್ವ. ಅವಳ ಕಿವಿ ಚುರುಕಿತ್ತು. ನಾನು ಬೆನ್ನು ತಿರುಗಿಸಿ ರಸ್ತೆ ಕಾಯುತ್ತ ನಿಂತೆ.

ಔಷಧಿ ಮುಗಿದಿರಬೇಕು, ಡ್ರೋನು ಆಚೆ ತುದಿಗೆ ಇಳಿಯಿತು. ಹೊಲ ಮತ್ತೆ ನಿಶ್ಶಬ್ದವಾಯಿತು. ಅಕ್ಕ ಮುಖ ಒರೆಸಿಕೊಂಡು, ಸೀರೆಗೆ ಅಂಟಿದ ತೊಗರಿ ಹೂವು ಕೊಡವುತ್ತ ಬಂದಳು. ಎಷ್ಟೋ ತಿಂಗಳ ಮೇಲೆ ಅವಳ ದನಿ ಬಿಚ್ಚಿಕೊಂಡಿತ್ತು, ಗೊಗ್ಗರಾಗಿತ್ತು. ಇಳಿದ ಡ್ರೋನಿನ ಕಡೆ ಕೈ ತೋರಿಸಿದಳು.

‘ಇದು ಬಾಡಿಗಿಗಿ ಸಿಗ್ತದೇನೋ ತಮ್ಮಾ?’

‘ಸಿಗ್ತದಕ್ಕಾ. ಹೊಲಕ್ಕ ಕೊಡ್ತಾರ.’

‘ಮನೀಗಿ?’ ಎಂದಳು.